ಸಮವಸ್ತ್ರದಲ್ಲಿ ಬಂದ ಕ್ಯಾಪ್ಟನ್

ಪೆರು ದೇಶದ ಆಮೆಜಾನ್ ಕಾಡಿನ ಠಾಣೆಗಳಿಂದ ದೂರುಗಳು ಬರುತ್ತವೆ: ಸೈನಿಕರು ಊರ ಹೆಂಗಸರ ಮೇಲೆ ಬೀಳುತ್ತಿದ್ದಾರೆ. ಸೇನೆಯ ಹಿರಿಯರು ತಪ್ಪಿತಸ್ಥರನ್ನು ಬಿಗಿಹಿಡಿಯುವುದಿಲ್ಲ. ಠಾಣೆಗಳಿಗೆ ಗುಟ್ಟಾಗಿ ವೇಶ್ಯೆಯರನ್ನು ಕಳಿಸಲು ನಿರ್ಧರಿಸುತ್ತಾರೆ. ಈ ಕೆಲಸಕ್ಕೆ ಸಿಕ್ಕವನು ಲೆಕ್ಕಪತ್ರದಲ್ಲಿ ಪಳಗಿದ, ದುರಭ್ಯಾಸವಿಲ್ಲದ ಕ್ಯಾಪ್ಟನ್ ಪಾಂತಲೆಯೋನ್ ಪಾಂತೋಹ. ಸಮವಸ್ತ್ರ ಕಳಚಿಟ್ಟು, ಹೆಂಡತಿಗೂ ತಾಯಿಗೂ ನಿಜ ಹೇಳದೆ ಅವನು ಇಕಿಟೋಸ್ ಪಟ್ಟಣಕ್ಕೆ ಬರುತ್ತಾನೆ.

ಇದು ಮಾರಿಯೊ ವರ್ಗಾಸ್ ಯೋಸ 1973ರಲ್ಲಿ ಪ್ರಕಟಿಸಿದ ಕಾದಂಬರಿಯ ಕತೆ. ಅದನ್ನು ಅವರು ಮೊದಲು ಗಂಭೀರವಾಗಿಯೇ ಬರೆಯಲು ಹೊರಟಿದ್ದರಂತೆ. ವಸ್ತುವೇ ನಗೆಯನ್ನು ಬೇಡಿತು. ಆ ನಗೆ ಹುಟ್ಟುವುದು ಕ್ಯಾಪ್ಟನ್ನನ ವರದಿಗಳಲ್ಲಿ. ಅಕ್ಕಿ, ಬೂಟುಗಳ ಸರಬರಾಜಿನ ಭಾಷೆಯಲ್ಲೇ ಅವನು ಹೆಂಗಸರ ಲೆಕ್ಕ ಒಪ್ಪಿಸುತ್ತಾನೆ. ಓದುತ್ತ ನಕ್ಕವರಿಗೆ ತುಸು ಹೊತ್ತಿಗೆ ಗಂಟಲು ಕಟ್ಟುತ್ತದೆ.

1975ರಲ್ಲಿ ಲೇಖಕರೇ ಸಹನಿರ್ದೇಶಕರಾಗಿ ಇದನ್ನು ಸಿನಿಮಾ ಮಾಡಿದರು. ಆಗ ಪೆರುವನ್ನು ಆಳುತ್ತಿದ್ದದ್ದು ಸೇನೆ; ಚಿತ್ರಕ್ಕೆ ಅಲ್ಲಿ ನಿಷೇಧ ಬಿತ್ತು. ನಾನು ಮತ್ತೆ ಮತ್ತೆ ನೋಡುವುದು ಫ್ರಾನ್ಸಿಸ್ಕೊ ಲೊಂಬಾರ್ದಿಯ 1999ರ ಚಿತ್ರವನ್ನು. ಕಾಗದದ ಭಾಷೆಯನ್ನು ತೆರೆಗೆ ತರುವುದು ಕಷ್ಟ. ಲೊಂಬಾರ್ದಿ ಅದರ ಬದಲು ಕ್ಯಾಪ್ಟನ್ ಪಾತ್ರ ಮಾಡಿದ ಸಾಲ್ವದೋರ್ ದೆಲ್ ಸೊಲಾರ್ ಅವರ ಮುಖವನ್ನು ನಂಬಿದರು. ಆ ಮುಖದಲ್ಲಿ ಕಪಟವೇ ಇಲ್ಲ. ಆಜ್ಞೆ ಎಂಥದ್ದೇ ಇರಲಿ, ಚೊಕ್ಕವಾಗಿ ಮಾಡಿ ಮುಗಿಸಬೇಕೆಂಬ ಶ್ರದ್ಧೆಯಷ್ಟೇ ಇದೆ. ನನ್ನನ್ನು ಹೆದರಿಸುವುದೂ ಆ ಶ್ರದ್ಧೆಯೇ. ಕೆಟ್ಟವನನ್ನು ಗುರುತಿಸಬಹುದು, ಇಂಥ ಪ್ರಾಮಾಣಿಕನನ್ನು ತಡೆಯುವುದು ಹೇಗೆ?

ಚಿತ್ರದ ಮೇಲೆ ನನ್ನ ತಕರಾರೂ ಇದೆ. ಕ್ಯಾಮೆರಾ ನಾಯಕಿ ಆಂಜಿ ಸೆಪೇದಾರ ಚೆಲುವಿಗೆ ಮನಸೋತು ನಿಲ್ಲುತ್ತದೆ; ಉಳಿದ ಹೆಂಗಸರ ಬದುಕು, ದಣಿವು ಅದಕ್ಕೆ ಅಷ್ಟಾಗಿ ಕಾಣುವುದಿಲ್ಲ. ದೂರು ಕೊಟ್ಟ ಊರ ಹೆಂಗಸರಂತೂ ಕತೆಯಿಂದಲೇ ಜಾರಿಹೋಗುತ್ತಾರೆ.

ಆದರೆ ಆ ಅಂತ್ಯಕ್ರಿಯೆ! ಠಾಣೆಗಳಿಗೆ ಹೋಗುವ ಹೆಂಗಸರಲ್ಲಿ ಕ್ಯಾಪ್ಟನ್ ಪ್ರೀತಿಸಿದವಳು ಕೊಲೆಯಾಗುತ್ತಾಳೆ. ಅಷ್ಟು ದಿನ ಮುಚ್ಚಿಟ್ಟಿದ್ದ ಸಮವಸ್ತ್ರವನ್ನು ತೊಟ್ಟು, ಊರೆಲ್ಲ ನೋಡುವಂತೆ ಅವನು ಅವಳಿಗೆ ಸೇನಾ ಗೌರವ ಸಲ್ಲಿಸುತ್ತಾನೆ. ಈ ಗುಟ್ಟಿನ ಸೇವೆ ನಡೆಯುವಾಗ ಕೆಡದ ಸೇನೆಯ ಮಾನ ಅವಳ ಶವದ ಮುಂದೆ ಸೆಲ್ಯೂಟ್ ಹೊಡೆದಾಗ ಕೆಡುತ್ತದೆ. ಕಾದಂಬರಿಯಲ್ಲಿ ಅವನನ್ನು ಟಿಟಿಕಾಕಾ ಸರೋವರದ ದಡದ ಪೊಮಾಟಾ ಎಂಬ ಚಳಿಯೂರಿಗೆ ವರ್ಗ ಮಾಡುತ್ತಾರೆ. ಅಲ್ಲಿಯೂ ಅವನು ನಸುಕಿನಲ್ಲೇ ಎದ್ದು ಕೆಲಸಕ್ಕೆ ಹೊರಡುತ್ತಾನೆ.