ಮೊದಲೇ ತಿಳಿದ ಮುಕ್ತಾಯ: ಜನಪ್ರಿಯ ಪ್ರೇಮಕಾದಂಬರಿಯ ಸುಖ ಮತ್ತು ಮಿತಿ

ಕನ್ನಡದ ಜನಪ್ರಿಯ ಪ್ರೇಮಕಾದಂಬರಿಗಳನ್ನು ಕುರಿತ ವಿಮರ್ಶೆ ಸಾಮಾನ್ಯವಾಗಿ ಒಂದೇ ಆಕ್ಷೇಪದಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ: ಮೊದಲ ಅಧ್ಯಾಯವನ್ನು ಓದಿದವರಿಗೆ ಕೊನೆಯ ಅಧ್ಯಾಯ ತಿಳಿದುಹೋಗುತ್ತದೆ. ಬಡ ಮೇಷ್ಟರ ಮಗಳು, ಸ್ಥಿತಿವಂತರ ಮನೆಯ ಹುಡುಗ, ನಡುವೆ ಒಂದು ತಪ್ಪು ತಿಳಿವಳಿಕೆ, ಕಡೆಗೆ ಮದುವೆ. ಆಕ್ಷೇಪವೇನೂ ಸುಳ್ಳಲ್ಲ. ಆದರೆ ಮುಕ್ತಾಯ ಮೊದಲೇ ತಿಳಿದಿರುವುದೇ ದೋಷವೆಂದಾದರೆ ಹಳಗನ್ನಡದ ಬಹುಪಾಲು ಕಥನಕಾವ್ಯವೂ ಅದಕ್ಕೆ ಗುರಿಯಾಗಬೇಕಾಗುತ್ತದೆ.

ಹನ್ನೆರಡನೆಯ ಶತಮಾನದ ನೇಮಿಚಂದ್ರನ ‘ಲೀಲಾವತಿ’ಯನ್ನೇ ನೋಡಬಹುದು. ಸುಬಂಧುವಿನ ‘ವಾಸವದತ್ತಾ’ ಕೃತಿಯನ್ನು ಮಾದರಿಯಾಗಿರಿಸಿಕೊಂಡ ಈ ಚಂಪೂಕಾವ್ಯದಲ್ಲಿ ಕಂದರ್ಪದೇವನು ಲೀಲಾವತಿಯನ್ನು ಕನಸಿನಲ್ಲಿ ಕಂಡು ಅರಸುತ್ತ ಹೊರಡುತ್ತಾನೆ. ಅವಳೂ ಅವನನ್ನು ಕನಸಿನಲ್ಲಿಯೇ ಕಂಡಿರುತ್ತಾಳೆ. ಇಬ್ಬರೂ ಕೂಡುವರೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಸಹೃದಯನನ್ನು ಹಿಡಿದು ನಿಲ್ಲಿಸುವುದು ವರ್ಣನೆ ಮತ್ತು ವಿರಹ. ಮುಂದೇನು ಎಂಬ ಕುತೂಹಲವಲ್ಲ.

ಇಪ್ಪತ್ತನೆಯ ಶತಮಾನದ ಓದುಗರಿಗೆ ಆ ನಿಶ್ಚಿತತೆ ಬೇರೊಂದು ಕಾರಣಕ್ಕೆ ಬೇಕಾಗಿತ್ತು. ವಾರಪತ್ರಿಕೆಗಳ ಧಾರಾವಾಹಿಗಳನ್ನೂ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಬಾಡಿಗೆಗೆ ತಂದ ಕಾದಂಬರಿಗಳನ್ನೂ ಓದುತ್ತಿದ್ದವರಲ್ಲಿ ಗೃಹಿಣಿಯರೂ ಮದುವೆಗೆ ಕಾದಿದ್ದ ಹೆಣ್ಣುಮಕ್ಕಳೂ ಬಹಳ ಮಂದಿ. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲಿಯೇ ಬಂದರೂ ಹೆಣ್ಣು ನೋಡುವ ಶಾಸ್ತ್ರವಾಗಲಿ, ಕೊಡುವ ಕೊಳ್ಳುವ ಮಾತಾಗಲಿ ನಿಲ್ಲಲಿಲ್ಲ. ಅಂಥ ಮನೆಯಲ್ಲಿ, ಒಲೆಯ ಮೇಲೆ ಸಾರು ಕುದಿಯುವಷ್ಟರಲ್ಲಿ ನಾಲ್ಕು ಪುಟ ಓದಿ ಮುಗಿಸುವವಳಿಗೆ, ಏನನ್ನೂ ಕೇಳದೆ ಕೈಹಿಡಿಯುವ ನಾಯಕ ಬರಿಯ ಹಗಲುಗನಸಲ್ಲ. ದಿನನಿತ್ಯದ ಭಯದಿಂದ ದೊರೆತ ಒಂದು ಗಳಿಗೆಯ ಬಿಡುವು. ಆ ಬಿಡುವನ್ನು ಹಗುರವಾಗಿ ಕಾಣುವ ವಿಮರ್ಶೆ ಆ ಭಯವನ್ನೂ ಕಾಣಲಾರದು.

ಕೊರತೆ ಇರುವುದು ಮತ್ತೊಂದೆಡೆ. ಇಂಥ ಬಹುತೇಕ ಕಥೆಗಳಲ್ಲಿ ತೊಡಕನ್ನು ಬಿಡಿಸುವುದು ಆಕಸ್ಮಿಕ. ಕೈಸೇರದ ಪತ್ರವೊಂದು ಕೊನೆಗೆ ಸಿಗುತ್ತದೆ. ನಿಷ್ಠುರಳಾದ ಅತ್ತೆ ಕಾಯಿಲೆ ಬಿದ್ದು ಮೆತ್ತಗಾಗುತ್ತಾಳೆ. ಅಡ್ಡ ಬಂದವಳು ತಾನಾಗಿ ದೂರ ಸರಿಯುತ್ತಾಳೆ. ವರದಕ್ಷಿಣೆಯ ಪ್ರಶ್ನೆ ನಾಯಕನ ಔದಾರ್ಯದಲ್ಲಿ ಕರಗಿಹೋಗುತ್ತದೆ. ಔದಾರ್ಯವಿಲ್ಲದ ವರ ಬಂದರೆ ಏನು ಮಾಡಬೇಕೆಂಬುದನ್ನು ಕಾದಂಬರಿ ಕೇಳಿಕೊಳ್ಳುವುದಿಲ್ಲ. ಜಾತಿಯಂತೂ ಮೊದಲೇ ಹೊಂದಿಕೊಂಡಿರುತ್ತದೆ. ನಾಯಕಿ ಸಹಿಸುತ್ತಾಳೆ, ಕಾಯುತ್ತಾಳೆ, ಪಡೆಯುತ್ತಾಳೆ, ನಿರ್ಧರಿಸುವುದಿಲ್ಲ.

ಹೀಗಲ್ಲದೆಯೂ ಬರೆಯಬಹುದೆಂಬುದಕ್ಕೆ ತ್ರಿವೇಣಿಯವರ (1928–1963) ‘ಬೆಳ್ಳಿಮೋಡ’ ನಿದರ್ಶನ. ಅದರ ಚೌಕಟ್ಟು ಓದುಗರಿಗೆ ಪರಿಚಿತವಾದದ್ದೇ. ಶ್ರೀಮಂತರ ಏಕಮಾತ್ರ ಪುತ್ರಿ ಇಂದಿರೆಗೆ ಮೋಹನನೊಡನೆ ಮದುವೆ ನಿಶ್ಚಯವಾಗಿದೆ. ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿಯ ಆಸೆ ತಪ್ಪಿದೊಡನೆ ವರನ ಮನಸ್ಸೂ ತಿರುಗುತ್ತದೆ. ಮುಂದೆ ಗಾಯಗೊಂಡು ಮಲಗಿದ ಅವನಿಗೆ ಅವಳೇ ಶುಶ್ರೂಷೆ ಮಾಡುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಮದುವೆಯಾಗಬಯಸುತ್ತಾನೆ. ಓದುಗರು ಮಂಗಳವಾದ್ಯಕ್ಕೆ ಕಿವಿಗೊಟ್ಟಿರುವ ಆ ಗಳಿಗೆಯಲ್ಲಿ ಇಂದಿರೆ ಒಲ್ಲೆನೆನ್ನುತ್ತಾಳೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಚಲನಚಿತ್ರವಾಗಿಸಿದಾಗಲೂ ಆ ನಿರಾಕರಣೆ ಉಳಿದುಕೊಂಡಿತು. ಮದುವೆಯಲ್ಲಿಯೇ ಮುಗಿಯುವ ಕಥೆಗಳ ಅಭ್ಯಾಸ ಓದುಗರಿಗೆ ಇಲ್ಲದಿದ್ದರೆ ಅವಳ ‘ಒಲ್ಲೆ’ಗೆ ಅಷ್ಟು ಬಲ ಬರುತ್ತಿರಲಿಲ್ಲ.

ಆದ್ದರಿಂದ ಈ ಪ್ರಕಾರವನ್ನು ಅಳೆಯುವವರು ಮುಕ್ತಾಯವನ್ನು ಮೊದಲೇ ಊಹಿಸಬಹುದೇ ಎಂದು ಕೇಳಿದರೆ ಸಾಲದು. ಆ ಮುಕ್ತಾಯವನ್ನು ತಂದವರು ಯಾರು ಎಂದು ಕೇಳಬೇಕು. ಮದುವೆಯಲ್ಲಿ ಮುಗಿದರೂ ನಾಯಕಿಯ ನಿರ್ಧಾರದಿಂದ ಮುಗಿದ ಕಾದಂಬರಿ ಗೌರವಕ್ಕೆ ಅರ್ಹ. ಅನಿರೀಕ್ಷಿತವಾಗಿ ಮುಗಿದರೂ ಆಕಸ್ಮಿಕದಿಂದ ಮುಗಿದದ್ದು ಅಷ್ಟಕ್ಕಷ್ಟೆ. ಈ ಪ್ರಶ್ನೆಯನ್ನು ಹಿಡಿದು ಓದಲು ಪುಸ್ತಕಗಳಾದರೂ ಇರಬೇಕು. ಬಾಡಿಗೆ ಪುಸ್ತಕಗಳ ಅಂಗಡಿ ಮುಚ್ಚಿದಾಗ ರದ್ದಿಗೆ ಹೋಗುವ ಪ್ರತಿಗಳ ಜೊತೆಗೆ ಒಂದು ತಲೆಮಾರಿನ ಹೆಣ್ಣುಮಕ್ಕಳ ಭಯ ಮತ್ತು ಆಸೆಗಳ ದಾಖಲೆಯೂ ಹೋಗುತ್ತದೆ. ಸಂಶೋಧಕರು ಮೊದಲು ಅವನ್ನು ಕೂಡಿಡಲಿ. ತೀರ್ಪು ಆಮೇಲೆ ಬರಲಿ.