ನಮ್ಮೂರಿಗೂ ಕೊರೊನಾ ಬಂದಿತ್ತು, ಲೆಕ್ಕಕ್ಕೆ ಬರಲಿಲ್ಲ

‘ನಮ್ಮ ಹಳ್ಳಿಗೆ ಕೊರೊನಾ ಬರಲೇ ಇಲ್ಲ’ ಎಂಬ ಮಾತು ಕಡೂರು ತಾಲ್ಲೂಕಿನ ನಮ್ಮ ಎಮ್ಮೆದೊಡ್ಡಿ ಕಡೆ ಈಗಲೂ ಕೇಳಿಬರುತ್ತದೆ. 2020ರಲ್ಲಿ ದಿನವೂ ಪ್ರಕಟವಾಗುತ್ತಿದ್ದ ಅಂಕಿಅಂಶ ನೋಡಿದವರಿಗೆ ಹಾಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಅದು ಸೋಂಕು ತಗುಲಿದವರ ಲೆಕ್ಕವಲ್ಲ, ಪರೀಕ್ಷೆ ಮಾಡಿಸಿಕೊಂಡು ಪಾಸಿಟಿವ್ ಬಂದವರ ಲೆಕ್ಕ. ಬಸ್ಸಿಲ್ಲದ ದಿನಗಳಲ್ಲಿ ಕೂಲಿ ಬಿಟ್ಟು ಪರೀಕ್ಷೆಗೆಂದು ಪಟ್ಟಣಕ್ಕೆ ಹೋಗಲು ಎಷ್ಟು ಜನರಿಗೆ ಸಾಧ್ಯವಿತ್ತು?

ನಿಜವಾದ ಲೆಕ್ಕ ಇದ್ದದ್ದು ರಕ್ತದಲ್ಲಿ. ವೈರಸ್ ದೇಹ ಬಿಟ್ಟು ಹೋದರೂ ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಕೆಲವು ತಿಂಗಳು ರಕ್ತದಲ್ಲಿ ಉಳಿಯುತ್ತವೆ. ಜ್ವರವೇ ಬಾರದವರಲ್ಲೂ ಸಿಗುತ್ತವೆ. ಅವುಗಳನ್ನು ಹುಡುಕುವುದೇ ಸೆರೊ ಸಮೀಕ್ಷೆ.

ರಾಜ್ಯ ಸರ್ಕಾರ 2020ರ ಸೆಪ್ಟೆಂಬರ್ 3ರಿಂದ 16ರವರೆಗೆ ಇಂಥ ಸಮೀಕ್ಷೆ ನಡೆಸಿತು. ಶೇ 27.3ರಷ್ಟು ಜನರಿಗೆ, ಅಂದರೆ ಸುಮಾರು 1.93 ಕೋಟಿ ಜನರಿಗೆ ಸೋಂಕು ತಗುಲಿರಬಹುದು ಎಂಬ ಅಂದಾಜು ಹೊರಬಿತ್ತು. ಆ ಹೊತ್ತಿಗೆ ಅಧಿಕೃತವಾಗಿ ದಾಖಲಾಗಿದ್ದ ಪ್ರಕರಣಗಳು ಐದು ಲಕ್ಷವನ್ನೂ ದಾಟಿರಲಿಲ್ಲ!

ಅದೇ ವರ್ಷ ಜೂನ್–ಆಗಸ್ಟ್ ನಡುವೆ ಸಂಶೋಧಕರ ತಂಡವೊಂದು 20 ಜಿಲ್ಲೆಗಳಲ್ಲಿ ಮನೆಗಳನ್ನೇ ಆಯ್ದು ರಕ್ತ ಪರೀಕ್ಷಿಸಿತ್ತು. ಅದರ ಅಂದಾಜಿನಂತೆ ಗ್ರಾಮೀಣ ಪ್ರದೇಶದಲ್ಲೇ ಶೇ 44.1ರಷ್ಟು ಜನರಲ್ಲಿ ಪ್ರತಿಕಾಯ ಇತ್ತು. ಎರಡೂ ಅಂಕಿಗಳು ಏಕೆ ಬೇರೆ? ಪರೀಕ್ಷಾ ವಿಧಾನ ಬೇರೆ, ಮಾದರಿ ಪಡೆದ ಜಾಗವೂ ಬೇರೆ. ಸರ್ಕಾರದ ಸಮೀಕ್ಷೆ ಹೆಚ್ಚಾಗಿ ಆಸ್ಪತ್ರೆಗೆ ಬಂದ ಗರ್ಭಿಣಿಯರು, ಹೊರರೋಗಿ ವಿಭಾಗಕ್ಕೆ ಬಂದವರು, ಮಾರುಕಟ್ಟೆ ವ್ಯಾಪಾರಿಗಳು, ಬಸ್ ಕಂಡಕ್ಟರ್‌ಗಳಂಥವರನ್ನು ನೋಡಿತು. ಮನೆ ಬಿಟ್ಟು ಹೊರಬಾರದವರು ಅಲ್ಲೂ ಬಿಟ್ಟುಹೋಗುವ ಸಾಧ್ಯತೆ ಇತ್ತು.

ಇದು ಬರೀ ಅಂಕಿಯ ಜಗಳವಲ್ಲ. ಪ್ರಕರಣವಿಲ್ಲದ ಊರಿಗೆ ಹಾಸಿಗೆ, ಆಮ್ಲಜನಕ, ವೈದ್ಯರು ಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. 2021ರ ಎರಡನೇ ಅಲೆ ಹಳ್ಳಿಗಳಿಗೆ ನುಗ್ಗಿದಾಗ ಆ ಕೊರತೆಯ ಬೆಲೆ ತೆತ್ತದ್ದು ನಮ್ಮವರೇ.

ಹಾಗೆಂದು ಪ್ರತಿಕಾಯ ಇದ್ದವರೆಲ್ಲ ಸುರಕ್ಷಿತರು ಎಂದಲ್ಲ. ಕಾಲ ಕಳೆದಂತೆ ಅದು ಕಡಿಮೆಯಾಗುತ್ತದೆ, ವೈರಸ್ ರೂಪ ಬದಲಿಸುತ್ತದೆ. ಈ ಪರೀಕ್ಷೆ ಒಬ್ಬರಿಗೆ ಕೊಡುವ ಪ್ರಮಾಣಪತ್ರವಲ್ಲ, ಇಡೀ ಊರಿಗೆ ಹಿಡಿಯುವ ಕನ್ನಡಿ.

ಆದ್ದರಿಂದ ಸೆರೊ ಸಮೀಕ್ಷೆ ಆಪತ್ತು ಬಂದಾಗಷ್ಟೇ ನಡೆಯಬಾರದು. ಮನೆ ಬಾಗಿಲಲ್ಲಿ, ನಿಯಮಿತವಾಗಿ ನಡೆಯಬೇಕು. ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲೇ ಓದಿ ಹೇಳಬೇಕು. ವಿಜ್ಞಾನ, ಲ್ಯಾಬ್ ತಂತ್ರಜ್ಞಾನ ಓದಿ ಕೆಲಸ ಹುಡುಕುತ್ತಿರುವ ಯುವಜನರನ್ನು ಇದಕ್ಕೆ ತರಬೇತಿ ಕೊಟ್ಟು ಬಳಸಿಕೊಳ್ಳಬಹುದು. ನಾವೂ ಅಷ್ಟೇ, ಸೂಜಿಗೆ ಹೆದರುವ ಹಿರಿಯರಿಗೆ ತಿಳಿಹೇಳಿ ಮೊದಲು ತೋಳು ಚಾಚೋಣ. ಮುಂದಿನ ವೈರಸ್ ಬರುವಾಗಲಾದರೂ ನಮ್ಮೂರು ಲೆಕ್ಕದಲ್ಲಿರಲಿ.