ಕಾವಲು ಕಾದವಳ ಹಕ್ಕು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ ಎಂದೊಡನೆ ಇಂದು ನೆನಪಿಗೆ ಬರುವುದು ಹೆಲಿಕಾಪ್ಟರು. 2016ರ ಜನವರಿ 3ರಂದು ಶಂಕುಸ್ಥಾಪನೆಗೊಂಡು, 2023ರ ಫೆಬ್ರವರಿ 6ರಂದು ರಾಷ್ಟ್ರಕ್ಕೆ ಅರ್ಪಿತವಾದ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಕಾರ್ಖಾನೆ ಅಲ್ಲಿನ 615 ಎಕರೆ ನೆಲದಲ್ಲಿ ನಿಂತಿದೆ. ಕಾವಲ್ ಎಂದರೆ ದನಗಳ ಮೇವಿಗೆಂದು ಕಾಯ್ದಿರಿಸಿದ ಹುಲ್ಲುಗಾವಲು. ಹಳೆಯ ಮೈಸೂರಿನಲ್ಲಿ ದಂಡಿನ ತೋಪುಗಳನ್ನೂ ಸಾಮಾನುಗಳನ್ನೂ ಎಳೆಯುತ್ತಿದ್ದ ಅಮೃತಮಹಲ್ ಎತ್ತುಗಳು ಬೆಳೆದದ್ದು ಇಂಥ ಕಾವಲುಗಳಲ್ಲಿಯೇ. ದಂಡಿಗೆ ಬೇಕಾದ ಎತ್ತಿನ ಲೆಕ್ಕವನ್ನೂ ಯಂತ್ರದ ಲೆಕ್ಕವನ್ನೂ ಜೋಪಾನವಾಗಿ ಇಟ್ಟಿರುವ ನಾವು, ದಂಡಿಗೆ ಹೋದವನ ಮನೆಯನ್ನು ಕಾದ ಹೆಣ್ಣಿನ ಲೆಕ್ಕವನ್ನು ಅಷ್ಟೇ ನಿಷ್ಠೆಯಿಂದ ಇಟ್ಟಿದ್ದೇವೆಯೆ ಎಂಬುದು ನನ್ನ ಪ್ರಶ್ನೆ.

ನಮ್ಮವರು ಕಡಲಾಚೆ ದಂಡಿಗೆ ಹೋದದ್ದು ಇಂದು ನೆನ್ನೆಯ ಮಾತಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಈಜಿಪ್ಟಿಗೆ ಹೋದ ಮೈಸೂರು ಲ್ಯಾನ್ಸರ್ಸ್ ಪಡೆಯು 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಗೆದ್ದಿತು. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರೂ ಸೇರಿತು. ಸ್ವಾತಂತ್ರ್ಯಾನಂತರ ನಮ್ಮ ಸೇನೆ 1960ರ ದಶಕದಲ್ಲಿ ಕಾಂಗೋ ದೇಶಕ್ಕೂ, 1987ರಿಂದ 1990ರವರೆಗೆ ಶ್ರೀಲಂಕೆಗೂ ಹೋಯಿತು. ವಿಶ್ವಸಂಸ್ಥೆಯ ಶಾಂತಿಪಾಲನೆಗೆಂದು ಲೆಬನಾನ್, ದಕ್ಷಿಣ ಸುಡಾನ್‌ಗಳಿಗೂ ನಮ್ಮ ಪಡೆಗಳು ಹೋಗಿವೆ. ಇಂಥ ಪಡೆಗಳೊಡನೆ ಸಂಸಾರ ಹೋಗುವುದಿಲ್ಲ. ರಜೆಯಲ್ಲಿ ಬಂದು ತಾಳಿ ಕಟ್ಟಿದವನು ಅರಿಸಿನ ಆರುವ ಮೊದಲೇ ಹೊರಡುತ್ತಾನೆ. ಅತ್ತೆಮಾವಂದಿರ ಆರೈಕೆ, ಹೊಲದ ಗುತ್ತಿಗೆ, ಮಗುವಿನ ಜ್ವರ ಎಲ್ಲವೂ ಅವಳ ಪಾಲಿಗೆ ಉಳಿಯುತ್ತವೆ. ಹೈಫಾ ಗೆದ್ದವರಿಗೆ ಪ್ರತಿಮೆಯಾಯಿತು. ಆ ವರ್ಷಗಳನ್ನು ಊರಿನಲ್ಲಿ ಕಳೆದ ಮಡದಿಯರಿಗೆ ಒಂದು ಕಲ್ಲೂ ಇಲ್ಲ.

ಮಾಜಿ ಸೈನಿಕ ಎಂಬುದು ಕೇವಲ ಗೌರವದ ಮಾತಲ್ಲ, ಕಾನೂನು ಕೊಡುವ ಸ್ಥಾನ. ಜವಾನನಿಗೆ ಸಾಮಾನ್ಯವಾಗಿ 15 ವರ್ಷಗಳ ಸೇವೆಯಿಂದ ಪಿಂಚಣಿ ದೊರೆಯುತ್ತದೆ. 2022ರಲ್ಲಿ ಬಂದ ಯೋಜನೆಯ ಅಗ್ನಿವೀರರಿಗೆ ನಾಲ್ಕು ವರ್ಷಗಳ ಸೇವೆಯ ಕೊನೆಗೆ ಪಿಂಚಣಿಯನ್ನಾಗಲಿ ಈ ಸ್ಥಾನವನ್ನಾಗಲಿ ಯೋಜನೆ ವಿಧಿಸಿಲ್ಲ. ಗಂಡನ ಹಕ್ಕು ಹೀಗೆ ವರ್ಷಗಳ ಲೆಕ್ಕವನ್ನು ಅವಲಂಬಿಸಿದರೆ, ಹೆಂಡತಿಯ ಹಕ್ಕು ಅವನ ಸೇವಾ ದಾಖಲೆಯ ಒಂದು ಸಾಲನ್ನು ಅವಲಂಬಿಸಿದೆ. ಮದುವೆಯ ಸಂಗತಿಯನ್ನು ಅವನು ಪಡೆಗೆ ತಿಳಿಸಿ, ಅದು ಆದೇಶದಲ್ಲಿ ಪ್ರಕಟವಾಗಿ, ಅವಳ ಹೆಸರು ದಾಖಲೆಗೆ ಏರಬೇಕು. ಏರದಿದ್ದರೆ, ಊರೆಲ್ಲ ಕಂಡ ಮದುವೆಯನ್ನು ಅವಳು ಕಚೇರಿಯಲ್ಲಿ ಮತ್ತೆ ಸಾಧಿಸಿ ತೋರಿಸಬೇಕಾಗುತ್ತದೆ.

ಇದಕ್ಕಿಂತ ಕಠಿನವಾದ ನಿಯಮವೂ ಒಂದಿತ್ತು. ಶೌರ್ಯ ಪ್ರಶಸ್ತಿ ಪಡೆದವನ ಮಾಸಿಕ ಭತ್ಯವು ಅವನ ಮರಣಾನಂತರ ವಿಧವೆಗೆ ಸಲ್ಲುತ್ತಿತ್ತು. ಆದರೆ 1972ರ ಆದೇಶ, 1995ರ ಅದರ ತಿದ್ದುಪಡಿಗಳ ಪ್ರಕಾರ, ಅವಳು ಮರುಮದುವೆಯಾದರೆ ಅದು ನಿಲ್ಲುತ್ತಿತ್ತು. ಮೃತನ ಸೋದರನನ್ನೇ ವರಿಸಿದರೆ ಮಾತ್ರ ಮುಂದುವರಿಯುತ್ತಿತ್ತು. ಪಂಜಾಬ, ಹರಿಯಾಣಗಳ ಕಡೆ ವಿಧವೆಯನ್ನು ಮೈದುನನಿಗೆ ಕೊಡುವ ರೂಢಿ ಉಂಟು. ನಮ್ಮ ಸೀಮೆಯಲ್ಲಾದರೋ ಅತ್ತಿಗೆ ತಾಯಿಗೆ ಸಮಾನ. ಕೂಡಿಕೆಯ ಪದ್ಧತಿ ಇದ್ದ ಕುಲಗಳಲ್ಲಿಯೂ ಮೈದುನನೊಡನೆ ಕೂಡಿಸುವುದನ್ನು ಬಹುಮಟ್ಟಿಗೆ ಒಪ್ಪುತ್ತಿರಲಿಲ್ಲ. ಆ ಕಡೆಯ ರೂಢಿಗೆ ಹೊಂದುವ ನಿಯಮ ಈ ಕಡೆಯ ಹೆಣ್ಣಿಗೆ ದಂಡವಾಯಿತು. ಆ ಕಡೆಯಲ್ಲಿಯೂ ಅದು ನ್ಯಾಯವಾಗಿತ್ತೆನ್ನುವಂತಿಲ್ಲ: 1999ರ ಕಾರ್ಗಿಲ್ ಯುದ್ಧದ ತರುವಾಯ, ಪರಿಹಾರದ ಹಣ ಮನೆ ಬಿಟ್ಟು ಹೋಗದಿರಲೆಂದು ತರುಣ ವಿಧವೆಯರನ್ನು ಮೈದುನಂದಿರಿಗೆ ಕಟ್ಟಲು ಒತ್ತಾಯಿಸಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಕೊನೆಗೆ 2017ರ ನವೆಂಬರ್ ತಿಂಗಳಲ್ಲಿ ರಕ್ಷಣಾ ಸಚಿವಾಲಯ ಈ ಷರತ್ತನ್ನು ತೆಗೆದುಹಾಕಿತು.

ಗಂಡನ ಪ್ರಾಣಕ್ಕೆ ಸಂದ ಹಣ ಬೇರೊಬ್ಬನ ಮನೆಗೆ ಏಕೆ ಹೋಗಬೇಕೆಂದು ಕೇಳುವವರುಂಟು. ಕೇಳುವವರು ಬಹುಪಾಲು ವೃದ್ಧ ತಂದೆತಾಯಿಗಳಾದ್ದರಿಂದ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಮಗನನ್ನು ಕಳೆದುಕೊಂಡ ಮುದುಕರಿಗೆ ಆಸರೆ ಬೇಕು. ಅದನ್ನು ಸರ್ಕಾರ ಪ್ರತ್ಯೇಕವಾಗಿ ಕೊಡಲಿ. ಸೊಸೆಯ ಬಾಳನ್ನು ಒತ್ತೆಯಿಟ್ಟು ಅದನ್ನು ಪಡೆಯಬಾರದು. ಅವಳಿಗೆ ಸಲ್ಲುವುದು ಆ ಮನೆಯಲ್ಲಿ ಉಳಿದದ್ದರ ಕೂಲಿಯಲ್ಲ. ಅವನು ದೂರದಲ್ಲಿದ್ದಾಗ ತಾನು ಹೊತ್ತ ಭಾರದ ಋಣ. ಆ ಋಣ ಮರುಮದುವೆಯಿಂದ ತೀರುವುದಿಲ್ಲ.

ನಿಯಮ ತಿದ್ದಿದರೂ ಮನೆಗಳಲ್ಲಿ ಹಳೆಯ ಮಾತು ಹಾಗೆಯೇ ಇದೆ. ಹಳ್ಳಿಯ ಉಪಾಧ್ಯಾಯರೂ ಓದಿದ ತರುಣರೂ ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದು. ಊರಿನಲ್ಲಿ ಸೈನಿಕನ ಮದುವೆ ನಡೆದರೆ, ಅವನು ರಜೆ ಮುಗಿಸಿ ಹೊರಡುವ ಮುನ್ನ, 1976ರ ಕರ್ನಾಟಕ ವಿವಾಹ ನೋಂದಣಿ ಕಾಯಿದೆಯಂತೆ ಅದನ್ನು ನೋಂದಾಯಿಸಿಸಬೇಕು. ಶಾಲೆಯ ದಾಖಲೆಯಲ್ಲಿರುವ ವಧುವಿನ ಹೆಸರೇ ಪಡೆಯ ಪುಸ್ತಕಕ್ಕೂ ಅಕ್ಷರ ತಪ್ಪದೆ ಹೋಗುವಂತೆ ನೋಡಿಕೊಳ್ಳಬೇಕು. ಲಗ್ನಪತ್ರಿಕೆ ಬರೆದುಕೊಡುವಷ್ಟು ಹೊತ್ತಿನಲ್ಲಿಯೇ ಈ ಅರ್ಜಿಯನ್ನೂ ಬರೆದುಕೊಡಬಹುದು.